ಕಿಟಕಿ ಜಾಲರಿಗೆ ಸಿಕ್ಕ ರೆಕ್ಕೆ ಬೀಜ

ಸಂಕ್ರಾಂತಿಗೆ ಮನೆ ಗುಡಿಸಿ ಒರೆಸುವಾಗ ಪೂರ್ವ ದಿಕ್ಕಿನ ಕಿಟಕಿಯ ಸೊಳ್ಳೆ ಜಾಲರಿಯನ್ನು ತೊಳೆಯಲು ಬಿಚ್ಚಿದೆ. ಜಾಲರಿಯ ಕಣ್ಣುಗಳಲ್ಲಿ ಏನೋ ಸಿಕ್ಕಿಕೊಂಡಿತ್ತು. ಸಣ್ಣ ಸಣ್ಣ, ತೆಳ್ಳಗಿನ ಕಂದು ಚೂರುಗಳು. ಮಳೆಹುಳದ ರೆಕ್ಕೆ ಅಂದುಕೊಂಡೆ. ಮಳೆಗಾಲದ ರಾತ್ರಿ ಲೈಟಿನ ಕೆಳಗೆ ರಾಶಿ ಬಿದ್ದಿರುತ್ತವಲ್ವಾ, ಹಾಗೇ ಇತ್ತು. ಬ್ರಷ್ ಎತ್ತಿದವಳು ಹಾಗೇ ನಿಂತೆ. ಇದು ಜನವರಿ. ಒಂದು ಹನಿ ಮಳೆ ಇಲ್ಲ. ಮಳೆಹುಳ ಈಗ ಎಲ್ಲಿಂದ ಬಂದೀತು?

ಒಂದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದೆ. ಒಂದು ತುದಿಯಲ್ಲಿ ಎಳ್ಳಿನಂಥ ಪುಟ್ಟ ಕಾಳು. ಆ ಕಾಳಿನಿಂದ ಹೊರಟ ಒಂದೇ ಒಂದು ರೆಕ್ಕೆ. ಗಾಜಿನ ಹಾಗೆ ಆಚೆ ಕಡೆ ಕಾಣುವಷ್ಟು ತೆಳು. ಹುಳದ ರೆಕ್ಕೆಗೆ ಕಾಳು ಇರುವುದಿಲ್ಲ. ಇದು ಯಾವುದೋ ಮರದ ಬೀಜ. ಜಾಲರಿ ತೊಳೆಯುವ ಕೆಲಸ ಅಲ್ಲಿಗೇ ನಿಂತಿತು. ಒಣಗಿದ ಬ್ರಷ್‌ನಿಂದ ಮೆಲ್ಲಗೆ ಉದುರಿಸಿ 30ಕ್ಕೂ ಹೆಚ್ಚು ಬೀಜಗಳನ್ನು ಬೆಂಕಿಪೊಟ್ಟಣಕ್ಕೆ ತುಂಬಿದೆ. ಮೇಲೆ ತಾರೀಖು ಬರೆದೆ. ಮರದ ಹೆಸರು ಬರೆಯಬೇಕಾದ ಜಾಗ ಖಾಲಿ ಉಳಿಯಿತು.

ಆ ಖಾಲಿ ಜಾಗ ತುಂಬಲು ನನಗೆ ಸುಮಾರು ಒಂದು ತಿಂಗಳು ಬೇಕಾಯಿತು.

ಮೊದಲು ಫೋನಿನಲ್ಲಿ ಫೋಟೊ ತೆಗೆದೆ. ಬಿಳಿ ಹಾಳೆ ಮೇಲೆ ಬೀಜ ಇಟ್ಟು ಹತ್ತಿರ ಹೋದರೆ ಫೋನಿನ ನೆರಳೇ ಬೀಜದ ಮೇಲೆ ಬೀಳುತ್ತಿತ್ತು. ಹಿಂದಕ್ಕೆ ಸರಿದರೆ ಬೀಜ ಒಂದು ಚುಕ್ಕೆ. ಝೂಮ್ ಮಾಡಿದರೆ ಕಂದು ಬಣ್ಣದ ಕಲೆ. ಗುರುತು ಹಿಡಿಯಲು ಬೇಕಾದದ್ದು ಏನೂ ಅದರಲ್ಲಿ ಇರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಇಟ್ಟು ಅಳೆದೆ. ರೆಕ್ಕೆ ಸೇರಿ ಉದ್ದ 6 ಮಿಲಿಮೀಟರ್. ಕೆಲವು 7 ಇದ್ದವು. ಅಗಲ 3ಕ್ಕಿಂತ ಕಡಿಮೆ. ಇಷ್ಟು ಚಿಕ್ಕದನ್ನು ನೋಡಬೇಕಾದರೆ ಬೇರೆ ದಾರಿ ಹುಡುಕಬೇಕು.

ಮನೆಯಲ್ಲಿ ಹಳೆಯದೊಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಇತ್ತು. ಸಣ್ಣ ವಸ್ತುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೊ ಲೆನ್ಸ್ ಇರಲಿಲ್ಲ. ಅದರ ಬೆಲೆ ನೋಡಿ ಆ ಯೋಚನೆ ಬಿಟ್ಟೆ. ಅದರ ಬದಲು ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೇ ಕಾಲದ 50 ಎಂಎಂ ಲೆನ್ಸ್ ಕೊಂಡೆ. ಅದಕ್ಕೊಂದು ರಿವರ್ಸಿಂಗ್ ರಿಂಗ್. ಲೆನ್ಸನ್ನು ತಿರುಗಿಸಿ, ಮುಂಭಾಗ ಕ್ಯಾಮೆರಾ ಕಡೆಗೆ ಬರುವ ಹಾಗೆ ಹಾಕುವುದು. ಹೀಗೆ ತಿರುಗಿಸಿದ 50 ಎಂಎಂ ಲೆನ್ಸ್, ವಸ್ತು ಎಷ್ಟು ದೊಡ್ಡದೋ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಚಿತ್ರವನ್ನು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳಿಸುತ್ತದೆ. ಲೆನ್ಸ್ ಹಳೆಯದೇ ಬೇಕು ಅನ್ನುವುದಕ್ಕೆ ಕಾರಣ ಇದೆ. ಹಳೆಯದರಲ್ಲಿ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ತೂತನ್ನು ಬದಲಿಸುವ ರಿಂಗ್ ಲೆನ್ಸಿನ ಮೇಲೆಯೇ ಇರುತ್ತದೆ. ಈಗಿನ ಹೆಚ್ಚಿನ ಲೆನ್ಸುಗಳಲ್ಲಿ ಆ ಕೆಲಸ ಕ್ಯಾಮೆರಾದ ಕರೆಂಟಿನಿಂದ ಆಗುತ್ತದೆ. ತಿರುಗಿಸಿ ಹಾಕಿದರೆ ಆ ಸಂಪರ್ಕವೇ ತಪ್ಪಿಹೋಗುತ್ತದೆ.

ನನ್ನ ಕ್ಯಾಮೆರಾದ ಸೆನ್ಸರ್ ಅಗಲ ಸುಮಾರು 23 ಮಿಲಿಮೀಟರ್. ಅಂದರೆ 6 ಮಿಲಿಮೀಟರ್ ಬೀಜ ಚಿತ್ರದಲ್ಲಿ ಕಾಲು ಭಾಗ ತುಂಬುತ್ತದೆ. ಅಷ್ಟು ಸಾಲದು ಅನಿಸಿತು. ಲೆನ್ಸಿಗೂ ಕ್ಯಾಮೆರಾಗೂ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿದೆ. ಅದರೊಳಗೆ ಗಾಜು ಇರುವುದಿಲ್ಲ, ಬರೀ ಟೊಳ್ಳು ಬಳೆಗಳು. ಬೀಜ ಈಗ ಎರಡು ಪಟ್ಟು ದೊಡ್ಡದಾಗಿ, ಅರ್ಧ ಚಿತ್ರ ತುಂಬುವಷ್ಟು ಕಂಡಿತು.

ಆದರೆ ಬರೀ ಕಾಳು ಸ್ಪಷ್ಟ, ರೆಕ್ಕೆ ಪೂರ್ತಿ ಮಸುಕು. ರೆಕ್ಕೆಗೆ ಫೋಕಸ್ ಮಾಡಿದರೆ ಕಾಳು ಮಸುಕು. ಅಪರ್ಚರ್ ಚಿಕ್ಕದು ಮಾಡಿದಷ್ಟೂ ಹೆಚ್ಚು ಭಾಗ ಸ್ಪಷ್ಟ ಬರುತ್ತದೆ ಅಂತ ಓದಿದ್ದೆ. ಅದನ್ನು ನಂಬಿ ಎಫ್ 22ಕ್ಕೆ ತಂದೆ. ಎಫ್ ಮುಂದಿನ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಈಗ ಕಾಳೂ ಮಸುಕು, ರೆಕ್ಕೆಯೂ ಮಸುಕು. ಎರಡು ಸಂಜೆ ಕೈ ನಡುಕ ಇರಬೇಕು, ಟೇಬಲ್ ಅಲುಗಾಡುತ್ತಿರಬೇಕು ಅಂತಲೇ ಹುಡುಕಾಡಿದೆ. ಆಮೇಲೆ ಗೊತ್ತಾಯಿತು. ಬೆಳಕು ತೀರಾ ಸಣ್ಣ ತೂತಿನಲ್ಲಿ ನುಗ್ಗಿದರೆ ಚೆದುರಿಹೋಗುತ್ತದೆ. ವಸ್ತುವನ್ನು ಎರಡು ಪಟ್ಟು ದೊಡ್ಡದು ಮಾಡಿದಾಗ ಎಫ್ 22 ಅನ್ನುವುದು ಎಫ್ 66ರ ಹಾಗೆ ಕೆಲಸ ಮಾಡುತ್ತದೆ. ಬರೀ ಸೂಜಿ ತೂತು! ಎಫ್ 8ಕ್ಕೆ ವಾಪಸ್ ಬಂದೆ. ಅಲ್ಲಿ ಸ್ಪಷ್ಟವಾಗಿ ಬರುವುದು ಕಾಲು ಮಿಲಿಮೀಟರ್ ದಪ್ಪದ ಪದರ ಮಾತ್ರ. ಆದರೆ ಆ ಪದರ ನಿಜವಾಗಿಯೂ ಸ್ಪಷ್ಟ. ಅಂಥ ಪದರಗಳನ್ನು ಒಂದೊಂದಾಗಿ ತೆಗೆದು ಕೊನೆಗೆ ಸೇರಿಸುವುದೇ ಸರಿಯಾದ ದಾರಿ.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಈ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಮೇಲಿನಿಂದ ಬೆಳಕು ಬಿಟ್ಟರೆ ರೆಕ್ಕೆ ಕಾಣಿಸುವುದೇ ಇಲ್ಲ. ಬೆಳಕು ಅದರ ಮೂಲಕ ಹಾದು ಹಾಳೆಗೆ ತಾಗಿ ಬಿಳಿ ಆಗಿಬಿಡುತ್ತದೆ. ರೆಕ್ಕೆ ಕಾಣಬೇಕಾದರೆ ಬೆಳಕು ಕೆಳಗಿನಿಂದ ಬರಬೇಕು. ಹಳೇ ಫೋಟೊ ಫ್ರೇಮಿನ ಗಾಜನ್ನು ಎರಡು ಸ್ಟೀಲ್ ಲೋಟದ ಮೇಲೆ ಇಟ್ಟೆ. ಗಾಜಿನ ಕೆಳಗೆ ಸ್ವಲ್ಪ ಜಾಗ ಬಿಟ್ಟು ಬಿಳಿ ಕಾಗದ. ಕಾಗದಕ್ಕೆ ಬೀಳುವಂತೆ ಓದುವ ಲ್ಯಾಂಪ್. ಕಾಗದದಿಂದ ವಾಪಸ್ ಬಂದ ಮೆತ್ತನೆ ಬೆಳಕು ಗಾಜಿನ ಮೂಲಕ ಬೀಜಕ್ಕೆ ತಾಗುತ್ತದೆ. ನೆರಳು ಬೀಳಲು ಜಾಗವೇ ಇಲ್ಲ. ಹೀಗೇ ಬಿಟ್ಟರೆ ಕಾಳು ಪೂರ್ತಿ ಕಪ್ಪಾಗುತ್ತದೆ. ಅದಕ್ಕೆ ಮೇಲಿನಿಂದ ಇನ್ನೊಂದು ಸಣ್ಣ ಎಲ್‌ಇಡಿ, ಅದರ ಮುಂದೆ ಬಟರ್ ಪೇಪರ್ ಅಡ್ಡ. ಬಟರ್ ಪೇಪರ್ ಬೀಜಕ್ಕೆ ಎಷ್ಟು ಹತ್ತಿರ ಇರುತ್ತದೋ ಬೆಳಕು ಅಷ್ಟು ಮೆತ್ತಗಾಗುತ್ತದೆ.

ಬೀಜವನ್ನು ಚಿಮಟದಲ್ಲಿ ಎತ್ತಬಾರದು. ಎರಡು ರೆಕ್ಕೆ ಮುರಿದ ಮೇಲೆ ಅದನ್ನು ಕಲಿತೆ. ಸಣ್ಣ ಪೇಂಟಿಂಗ್ ಬ್ರಷ್ಷಿನ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ತಾಗಿಸಿದರೆ ಕಾಳು ತಾನೇ ಅಂಟಿಕೊಂಡು ಬರುತ್ತದೆ. ಗಾಜನ್ನು ಬಟ್ಟೆಯಲ್ಲಿ ಉಜ್ಜಿ ಒರೆಸಿದ ಕೂಡಲೇ ಬೀಜ ಇಡಬಾರದು. ಉಜ್ಜಿದ ಗಾಜು ಬೀಜವನ್ನು ಎಳೆದುಕೊಳ್ಳುತ್ತದೆ, ರೆಕ್ಕೆ ಚಪ್ಪಟೆಯಾಗಿ ಅಂಟಿಬಿಡುತ್ತದೆ. ಸ್ವಲ್ಪ ಹೊತ್ತು ಬಿಡಬೇಕು. ಫ್ಯಾನ್ ಆಫ್. ಕಿಟಕಿ ಬಂದ್. ಬೀಜದ ಹತ್ತಿರ ಬಾಯಿ ತಂದು ಉಸಿರು ಬಿಟ್ಟರೆ ಮುಗಿಯಿತು, ಗಾಳಿಯಲ್ಲಿ ಹಾರಲಿಕ್ಕೇ ಹುಟ್ಟಿದ್ದು ಅದು! ಎಷ್ಟೋ ಸಲ ನೆಲದ ಮೇಲೆ ಮೊಣಕಾಲೂರಿ ಟಾರ್ಚ್ ಹಿಡಿದು ಹುಡುಕಿದ್ದೇನೆ. ಕ್ಯಾಮೆರಾದ ಬಟನ್ ಕೂಡ ಬೆರಳಲ್ಲಿ ಒತ್ತುವುದಿಲ್ಲ. 2 ಸೆಕೆಂಡಿನ ಟೈಮರ್ ಹಾಕಿ ಉಸಿರು ಹಿಡಿದು ಕೂರುತ್ತೇನೆ.

ಮೊದಲ ಒಳ್ಳೆಯ ಫೋಟೊ ಬಂದದ್ದು ಜನವರಿ ಕೊನೆಯ ಒಂದು ರಾತ್ರಿ. ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಬರಿಗಣ್ಣಿಗೆ ಖಾಲಿ ಗಾಜಿನ ಹಾಗೆ ಕಂಡಿದ್ದ ರೆಕ್ಕೆಯ ನಡುವೆ ಒಂದು ಗೆರೆ ಇತ್ತು. ಒಂದೇ ಗೆರೆ. ಕಾಳಿನ ಬುಡದಿಂದ ಹೊರಟು, ರೆಕ್ಕೆಯ ಮಧ್ಯದಲ್ಲಿ ಹಾದು, ತುದಿ ದಾಟಿ ಒಂದು ಚೂರು ಹೊರಗೆ ಚಾಚಿತ್ತು. ಅದರ ಎರಡೂ ಕಡೆ ರೆಕ್ಕೆ ತೀರಾ ತೆಳು, ಈರುಳ್ಳಿಯ ಒಳಸಿಪ್ಪೆಯ ಹಾಗೆ. ಕಾಳು ಬೂದು ಮಿಶ್ರಿತ ಕಂದು, ಮೈ ನಯ. ಹಾಗೇ ನೋಡುತ್ತಾ ಕೂತೆ. ಇಷ್ಟು ಅಚ್ಚುಕಟ್ಟಾದ ಒಂದು ವಸ್ತು ವರ್ಷ ವರ್ಷ ನನ್ನ ಕಿಟಕಿಗೆ ಬರುತ್ತಿತ್ತು. ನಾನು ಕಸದ ಜೊತೆ ಗುಡಿಸಿ ಹಾಕುತ್ತಿದ್ದೆ.

ಫೋಟೊ ಬಂತು. ಹೆಸರು ಬರಲಿಲ್ಲ.

ಬೆಂಗಳೂರಿನಲ್ಲಿ ರೆಕ್ಕೆ ಬೀಜಗಳಿಗೆ ಬರ ಇಲ್ಲ. ಲಾಲ್‌ಬಾಗ್ ನೋಡಿಕೊಂಡಿದ್ದ ಗುಸ್ತಾವ್ ಕ್ರುಂಬಿಗಲ್ ಅವರು ಒಂದು ಜಾತಿಯ ಮರ ಹೂ ಮುಗಿಸುವಾಗ ಇನ್ನೊಂದು ಶುರು ಮಾಡುವಂತೆ ಯೋಚಿಸಿ ಮರಗಳನ್ನು ಆರಿಸಿದರು ಅಂತ ಹೇಳುತ್ತೇವಲ್ವಾ. ಹೂವು ಸರದಿಯಲ್ಲಿ ಬಂದರೆ ಬೀಜವೂ ಸರದಿಯಲ್ಲೇ ಉದುರುತ್ತದೆ. ಹೂವನ್ನು ನೋಡಲು ಎಲ್ಲರೂ ತಲೆ ಎತ್ತುತ್ತೇವೆ. ಬೀಜಕ್ಕೆ ತಲೆ ಬಗ್ಗಿಸಬೇಕು ಅಷ್ಟೆ. ಆ ಒಂದು ತಿಂಗಳು ನಾನು ನೆಲ ನೋಡಿಕೊಂಡೇ ನಡೆದೆ.

ಮೊದಲು ಸಿಕ್ಕಿದ್ದು ಜಕರಂಡ. ಅದರ ಕಾಯಿ ಚಪ್ಪಟೆ, ದುಂಡಗೆ, ಮರದ ಚೂರಿನಷ್ಟು ಗಟ್ಟಿ. ಒಣಗಿ ಬಾಯಿ ಬಿಟ್ಟು ತಿಂಗಳುಗಟ್ಟಲೆ ಮರದಲ್ಲೇ ನೇತಾಡುತ್ತದೆ. ಒಳಗಿನ ಬೀಜದ ಸುತ್ತ ಪೂರ್ತಿ ರೆಕ್ಕೆ, ಅಂಗಿಗೆ ಲೇಸ್ ಕಟ್ಟಿದ ಹಾಗೆ. ನನ್ನ ಬೀಜಕ್ಕೆ ಒಂದೇ ಕಡೆ ರೆಕ್ಕೆ. ಆದ್ದರಿಂದ ಇದಲ್ಲ. ನೀರುಕಾಯಿ ಮರವೂ ಅಲ್ಲ. ಅದರ ಬೀಜ ಹೃದಯದ ಆಕಾರ, ಸುತ್ತಲೂ ಹೊಳೆಯುವ ಪಾರದರ್ಶಕ ರೆಕ್ಕೆ. ನನ್ನ ಪ್ರಕಾರ ಈ ಊರಿನ ಬೀಜಗಳಲ್ಲೆಲ್ಲ ಅದೇ ಚಂದ. ಮಕ್ಕಳು ಅದರ ಮೊಗ್ಗನ್ನು ಹಿಸುಕಿ ನೀರು ಹಾರಿಸುತ್ತಾರೆ. ಬೀಜವನ್ನು ಯಾರಾದರೂ ಅವರಿಗೆ ತೋರಿಸಬೇಕು. ಟಬೇಬುಯಾ ಬೀಜಕ್ಕೆ ಎರಡು ಬದಿಗೂ ರೆಕ್ಕೆ. ನುಗ್ಗೆ ಬೀಜಕ್ಕೆ ಮೂರು. ಹೌದು, ಹಿತ್ತಲಿನ ನುಗ್ಗೆಯೇ. ಸಾರಿಗೆ ಹಾಕದೆ ಕಾಯಿಯನ್ನು ಮರದಲ್ಲೇ ಬಲಿಯಲು ಬಿಟ್ಟರೆ ಒಳಗೆ ದುಂಡು ಬೀಜ, ಅದಕ್ಕೆ ಕಾಗದದಂಥ ಮೂರು ರೆಕ್ಕೆ. ತಪಸಿ ಮರದ್ದು 2 ಸೆಂಟಿಮೀಟರಿಗೂ ದೊಡ್ಡ ದುಂಡು ಬಿಲ್ಲೆ, ನಡುವೆ ಬೀಜ.

ಹೊಳೆದಾಸವಾಳ ಮಾತ್ರ ನನಗೆ ಮೋಸ ಮಾಡಿತು. ಪಾರ್ಕಿನ ಮರದಲ್ಲಿ ಒಣಗಿದ ಕಾಯಿಗಳು ಬಾಯಿ ಬಿಟ್ಟು ನಿಂತಿದ್ದವು. ಕೊಂಬೆ ಅಲ್ಲಾಡಿಸಿದರೆ ಬೀಜ ಉದುರಿತು. ಒಂದು ಕಡೆ ಕಾಳು, ಒಂದೇ ಕಡೆ ರೆಕ್ಕೆ! ಖುಷಿಯಲ್ಲಿ ಬೆಂಕಿಪೊಟ್ಟಣದ ಮೇಲೆ 'ಹೊಳೆದಾಸವಾಳ' ಅಂತ ಬರೆದೆ. ಗೆಳತಿಯರಿಗೂ ಕಳಿಸಿದೆ. ರಾತ್ರಿ ಎರಡನ್ನೂ ಒಂದೇ ಗಾಜಿನ ಮೇಲೆ ಇಟ್ಟು, ಒಂದೇ ಅಳತೆಯಲ್ಲಿ ಫೋಟೊ ತೆಗೆದಾಗ ತಪ್ಪು ಎದ್ದು ಕಂಡಿತು. ಹೊಳೆದಾಸವಾಳದ್ದು ಎರಡು ಪಟ್ಟು ಉದ್ದ. ರೆಕ್ಕೆ ಗಡುಸು, ಸಣ್ಣ ಚೂರಿಯ ಹಾಗೆ ಬಾಗಿದೆ, ಅದರ ಆಚೆ ಏನೂ ಕಾಣುವುದಿಲ್ಲ. ನಡುವಿನ ಆ ಒಂಟಿ ಗೆರೆಯೂ ಇಲ್ಲ. ಬರೆದದ್ದನ್ನು ಹೊಡೆದು ಹಾಕಿದೆ. ಗೆಳತಿಯರಿಗೂ ತಪ್ಪಾಯಿತು ಅಂತ ತಿಳಿಸಿದೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಪ್ರತಿ ಬೀಜದ ಫೋಟೊ ಆದ ಕೂಡಲೇ, ಕ್ಯಾಮೆರಾದಲ್ಲಿ ಏನೂ ಮುಟ್ಟದೆ, ಅದೇ ಜಾಗದಲ್ಲಿ ಗ್ರಾಫ್ ಹಾಳೆಯ ಒಂದು ಫೋಟೊ. ಆಗ ಯಾವ ಬೀಜ ಎಷ್ಟು ದೊಡ್ಡದು ಅನ್ನುವುದರಲ್ಲಿ ಗೊಂದಲ ಇರುವುದಿಲ್ಲ. ಚಿತ್ರದ ತುಂಬ ಒಂದೇ ಬೀಜ ಇರುವ ಫೋಟೊ ನೋಡಲು ಚಂದ. ಆದರೆ ಅಳತೆ ಇಲ್ಲದಿದ್ದರೆ ಗುರುತಿಗೆ ಉಪಯೋಗ ಕಡಿಮೆ.

ಇನ್ನೊಂದು ಪರೀಕ್ಷೆ ಮಾಡಿದೆ. ಕುರ್ಚಿ ಮೇಲೆ ನಿಂತು ಬೀಜಗಳನ್ನು ಒಂದೊಂದಾಗಿ ಬಿಟ್ಟೆ. ಜಕರಂಡ ಚಿಟ್ಟೆಯ ಹಾಗೆ ಅತ್ತಿತ್ತ ಓಲಾಡಿ ಬಂತು. ನನ್ನ ಬೀಜ ಒಂದು ಗೇಣು ನೇರ ಬಿದ್ದು, ಆಮೇಲೆ ಗರಗರ ತಿರುಗುತ್ತಾ ಇಳಿಯಿತು. ಭಾರ ಒಂದು ತುದಿಯಲ್ಲಿ, ರೆಕ್ಕೆ ಇನ್ನೊಂದು ತುದಿಯಲ್ಲಿ ಇದ್ದರೆ ಹೀಗಾಗುತ್ತದೆ. ತಿರುಗುತ್ತಾ ಬಿದ್ದರೆ ನೆಲ ಮುಟ್ಟಲು ಹೊತ್ತು ಜಾಸ್ತಿ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಗಾಳಿ ಅದನ್ನು ತಾಯಿ ಮರದಿಂದ ದೂರ ತಳ್ಳಬಹುದು.

ಫೋನಿನ ಆ್ಯಪ್ ಒಂದಕ್ಕೆ ಫೋಟೊ ಕೊಟ್ಟೆ. ಪೈನ್ ಮರ ಅಂದಿತು. ಪೈನ್ ಬೀಜಕ್ಕೂ ಒಂದು ಕಡೆ ರೆಕ್ಕೆ ಇರುತ್ತದೆ ಅನ್ನುವುದು ನಿಜ. ಆದರೆ ನಮ್ಮ ಬಡಾವಣೆಯ ಸುತ್ತ ಪೈನ್ ಮರವೇ ಇಲ್ಲ. ನಾಲ್ಕು ರಸ್ತೆ ಸುತ್ತಿ ನೋಡಿಬಂದೆ.

ದಾರಿ ತೋರಿಸಿದ್ದು ಕಿಟಕಿಯೇ. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ನಿಂತಾಗ ಹೊಳೆಯಿತು. ಬೀಜ ಸಿಕ್ಕಿದ್ದು ಪೂರ್ವದ ಕಿಟಕಿಯಲ್ಲಿ ಮಾತ್ರ. ಉಳಿದ ಮೂರು ಕಿಟಕಿಯ ಜಾಲರಿಯಲ್ಲಿ ಬರೀ ಧೂಳು. ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಗಾಳಿ ಬೀಸುವುದು ಪೂರ್ವದ ಕಡೆಯಿಂದಲೇ. ಅಂದರೆ ಮರವೂ ಪೂರ್ವಕ್ಕೇ ಇರಬೇಕು. ಚಪ್ಪಲಿ ಹಾಕಿಕೊಂಡು ಹೊರಟೆ. ಎರಡು ಖಾಲಿ ಸೈಟು, ಒಂದು ಅರ್ಧ ಕಟ್ಟಿದ ಮನೆ, ಅದರಾಚೆ ಒಂದು ಹಳೇ ಗೋಡೌನ್. ಅದರ ಕಾಂಪೌಂಡಿನ ಉದ್ದಕ್ಕೂ ಎತ್ತರದ ಮರಗಳ ಸಾಲು. ದಿನಾ ನೋಡುತ್ತಿದ್ದ ಮರಗಳೇ. ಸೂಜಿಯಂಥ ಎಲೆ, ಕೆದರಿದ ಕೂದಲಿನಂಥ ಕೊಂಬೆ. ಗಾಳಿಗೆ ಸುಯ್ ಅನ್ನುತ್ತಿದ್ದವು.

ಗೇಟಿನ ಹತ್ತಿರ ವಾಚ್‌ಮನ್ ಇದ್ದರು, ವಯಸ್ಸಾದವರು. ಯಾವ ಮರ ತಾತ ಅಂದೆ.

"ಸರ್ವೆ ಮರ ಕಣಮ್ಮ. ಗೊತ್ತಿಲ್ವಾ? ಸೆಂಟ್ರಿಂಗ್‌ಗೆ, ಶಾಮಿಯಾನಕ್ಕೆ ಕಂಬ ಹಾಕಲ್ವಾ, ಅದೇ. ನಮ್ಮೂರ ಕಡೆ ತೋಪುಗಟ್ಟಲೆ ಹಾಕ್ತೀವಿ."

ಅವರು ಕೋಲಾರದ ಕಡೆಯವರು. ನಾನು ಬೀಜ ತೋರಿಸಿದಾಗ ನಗಲಿಲ್ಲ, ಆಶ್ಚರ್ಯವೂ ಪಡಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಕಾಯಿ ಎತ್ತಿ ಅಂಗೈಗೆ ಕುಟ್ಟಿದರು. ಮೂರು ಬೀಜ ಉದುರಿದವು. ಅದೇ ಕಾಳು, ಅದೇ ಒಂಟಿ ರೆಕ್ಕೆ. ನನಗೆ ಮಾತು ಹೊರಡಲಿಲ್ಲ.

ಆದರೂ ಹೆಸರು ಬರೆಯುವ ಮೊದಲು ಖಾತ್ರಿ ಮಾಡಿಕೊಳ್ಳಬೇಕಿತ್ತು. ಒಮ್ಮೆ ತಪ್ಪು ಬರೆದಾಗಿತ್ತಲ್ಲ. ಮರದಲ್ಲೇ ಇದ್ದ, ಇನ್ನೂ ಬಾಯಿ ಬಿಡದ ನಾಲ್ಕು ಕಾಯಿಗಳನ್ನು ಕೇಳಿ ತಂದೆ. ಕಾಗದದ ಪೊಟ್ಟಣದಲ್ಲಿ ಹಾಕಿ ಬಿಸಿಲಿಗೆ ಇಟ್ಟೆ. ಮೂರನೇ ದಿನ ಪೊಟ್ಟಣ ಅಲ್ಲಾಡಿಸಿದರೆ ಒಳಗೆ ಸರಸರ ಸದ್ದು. ಕಾಯಿಯ ಮೈಮೇಲೆಲ್ಲ ಪುಟ್ಟ ಪುಟ್ಟ ಬಾಯಿಗಳು ತೆರೆದಿದ್ದವು. ಒಂದೊಂದು ಬಾಯಿಗೂ ಮರದಂಥ ಗಟ್ಟಿ ಎರಡು ತುಟಿ. ಹಕ್ಕಿ ಮರಿ ಗುಟುಕಿಗೆ ಬಾಯಿ ತೆರೆದ ಹಾಗೆ. ಕೆಲವು ಬಾಯಲ್ಲಿ ಬೀಜ ಇನ್ನೂ ಅರ್ಧ ಹೊರಗೆ, ಅರ್ಧ ಒಳಗೆ. ರೆಕ್ಕೆ ಹೊರಗೆ ಚಾಚಿತ್ತು, ಗಾಳಿ ಬಂದು ಎಳೆದುಕೊಳ್ಳಲಿ ಅಂತ ಕಾದ ಹಾಗೆ. ಆ ಫೋಟೊ ತೆಗೆಯಲು ಇಡೀ ಭಾನುವಾರ ಹೋಯಿತು. ಇಡೀ ಹುಡುಕಾಟದಲ್ಲಿ ನನಗೆ ಅತಿ ಇಷ್ಟವಾದ ಫೋಟೊ ಅದು.

ಕಿಟಕಿಯ ಬೀಜ, ಕಾಯಿಯ ಬೀಜ, ಗ್ರಾಫ್ ಹಾಳೆ. ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಉದ್ದ ಒಂದೇ, ಗೆರೆ ಒಂದೇ, ತುದಿಯಲ್ಲಿ ಹೊರಗೆ ಚಾಚಿದ ಆ ಚೂರು ಕೂಡ ಒಂದೇ. ಬೆಂಕಿಪೊಟ್ಟಣದ ಮೇಲೆ 'ಸರ್ವೆ' ಅಂತ ಬರೆದೆ.

ಪುಸ್ತಕದ ಹೆಸರು ಕ್ಯಾಸುರಿನಾ ಈಕ್ವಿಸೆಟಿಫೋಲಿಯಾ. ಕಾಸುವಾರಿ ಅನ್ನುವ ದೊಡ್ಡ ಹಕ್ಕಿಯ ಗರಿಯನ್ನು ಇದರ ಕೊಂಬೆಗಳು ಹೋಲುತ್ತವೆ ಅಂತ ಆ ಹೆಸರು. ಕಾಯಿ ನೋಡಿದರೆ ಪೈನ್ ಕಾಯಿಯ ತಮ್ಮನ ಹಾಗೆ ಕಾಣುತ್ತದೆ, ಆದರೆ ಎರಡಕ್ಕೂ ನಂಟಿಲ್ಲ. ಇದು ಹೂ ಬಿಡುವ ಮರ. ಪೈನ್ ಹೂ ಬಿಡುವ ಗುಂಪಿಗೇ ಸೇರಿದ್ದಲ್ಲ. ನಾವು ಬೀಜ ಅನ್ನುವುದು ಕೂಡ ಸಸ್ಯಶಾಸ್ತ್ರದ ಲೆಕ್ಕದ ಪ್ರಕಾರ ಒಂದು ಹಣ್ಣು. ರೆಕ್ಕೆ ಆ ಹಣ್ಣಿನ ಸಿಪ್ಪೆಯದ್ದು. ನಿಜವಾದ ಬೀಜ ಕಾಳಿನ ಒಳಗೆ ಒಂದೇ ಒಂದು.

ಕ್ಯಾಮೆರಾ ಹೇಗೂ ಸಜ್ಜಾಗಿತ್ತು. ಆ ಸೂಜಿ ಎಲೆಯನ್ನೂ ಗಾಜಿನ ಮೇಲೆ ಇಟ್ಟೆ. ಚಿಕ್ಕಂದಿನಿಂದ ಎಲೆ ಅಂದುಕೊಂಡಿದ್ದು ಎಲೆಯೇ ಅಲ್ಲ! ಅದು ಹಸಿರು ರೆಂಬೆ. ಅದರ ಉದ್ದಕ್ಕೂ ಕಬ್ಬಿನ ಗಿಣ್ಣಿನಂಥ ಗಿಣ್ಣುಗಳು. ಪ್ರತಿ ಗಿಣ್ಣಿನ ಸುತ್ತ ಪುಟ್ಟ ಹಲ್ಲುಗಳ ಒಂದು ಉಂಗುರ. ಆ ಹಲ್ಲುಗಳೇ ನಿಜವಾದ ಎಲೆಗಳು. ಸುತ್ತಲೂ ತಿರುಗಿಸಿ ಎಣಿಸಿದೆ, 7 ಇದ್ದವು. ಇನ್ನೊಂದು ರೆಂಬೆಯಲ್ಲಿ 8. ಎಲೆಯನ್ನು ಇಷ್ಟು ಕಿರಿದು ಮಾಡಿಕೊಂಡರೆ ನೀರು ಆವಿಯಾಗಿ ಹೋಗುವುದು ಕಡಿಮೆ. ಇದರ ಬೇರಿನಲ್ಲಿ ಫ್ರಾಂಕಿಯಾ ಅನ್ನುವ ಬ್ಯಾಕ್ಟೀರಿಯಾ ಗಂಟು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಬರೀ ಮರಳಿನಲ್ಲೂ ಈ ಮರ ಬೆಳೆಯುವುದು ಇದಕ್ಕೇ.

ಕಾಯಿಯ ಫೋಟೊವನ್ನು ಊರಿಗೆ, ಆಯಿಗೆ, ಅಂದರೆ ಅಮ್ಮನಿಗೆ ಕಳಿಸಿದೆ. ಸರ್ವೆ ಮರದ ಕಾಯಿ ಅಂತ ಕೆಳಗೆ ಬರೆದಿದ್ದೆ. ಐದು ನಿಮಿಷದಲ್ಲಿ ಫೋನ್ ಬಂತು.

"ಇದು ಗಾಳಿಮರದ ಕಾಯಿ ಅಲ್ದನೇ? ನೀ ಸಣ್ಣಕಿದ್ದಾಗ ಲಂಗದಲ್ಲಿ ತುಂಬ್ಕಂಡು ಬಂದು ಮನೆ ತುಂಬ ಹರಡ್ತಿದ್ದೆ."

ಗಾಳಿಮರ! ಕುಮಟಾದ ಸಮುದ್ರದ ದಂಡೆಯಲ್ಲಿ ಆಡಿ ಬೆಳೆದವಳು ನಾನು. ಆ ಮರದ ಕಾಯಿಯನ್ನು ಅಂಗಾಲಿಗೆ ಚುಚ್ಚಿಸಿಕೊಂಡು ಓಡಿದ್ದೇನೆ, ಆಟದ ಅಂಗಡಿಯಲ್ಲಿ ಅದನ್ನೇ ಸಾಮಾನು ಮಾಡಿ ಮಾರಿದ್ದೇನೆ. ಬೆಂಗಳೂರಿಗೆ ಬಂದು 18 ವರ್ಷ ಸರ್ವೆ ಕಂಬ, ಸರ್ವೆ ಕಂಬ ಅಂತ ಕೇಳಿದ್ದೇನೆ. ಎರಡೂ ಒಂದೇ ಮರ ಅಂತ ಒಂದು ದಿನವೂ ಅನಿಸಿರಲಿಲ್ಲ. ಊರಲ್ಲಿ ಅದು ಸಮುದ್ರದ ಗಾಳಿಗೆ ಸದ್ದು ಮಾಡುವ ಮರ. ಇಲ್ಲಿ ಅದು ತೊಗಟೆ ಸುಲಿದು ಲಾರಿಯಲ್ಲಿ ಬರುವ ಕಂಬ.

ಆಮೇಲೆ ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ಈ ಮರ ನಮ್ಮ ಕರಾವಳಿಯದ್ದೇ ಅಲ್ಲ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ ಕಡೆಯ ಕಡಲ ತೀರದ್ದು. ಮರಳು ದಂಡೆಗೆಂದು ಇದನ್ನು ಕಾರವಾರಕ್ಕೆ ತಂದು ನೆಟ್ಟದ್ದು 1868ರ ಹೊತ್ತಿಗೆ. ಅಂದರೆ ಆಯಿಯ ಅಜ್ಜಿಯ ಅಜ್ಜಿ ಹುಡುಗಿಯಾಗಿದ್ದಾಗ ಕುಮಟಾದ ದಂಡೆಯಲ್ಲಿ ಗಾಳಿಮರ ಇದ್ದಿರಲಾರದು. ನನಗಂತೂ ಅದು ಸಮುದ್ರದಷ್ಟೇ ಹಳೆಯದು ಅನಿಸಿತ್ತು.

ಕೊನೆಯ ಫೋಟೊಗೆ ಫೋಕಸ್ ಸ್ಟ್ಯಾಕಿಂಗ್ ಮಾಡಿದೆ. ಕ್ಯಾಮೆರಾವನ್ನು ತಿರುಪು ಇರುವ ಒಂದು ಜಾರುಪಟ್ಟಿಯ ಮೇಲೆ ಕೂರಿಸಿ, ಒಂದೊಂದು ಫೋಟೊಗೂ ಕೂದಲೆಳೆಯಷ್ಟು ಮುಂದೆ ಸರಿಸುವುದು. ಬೀಜದ ಮೇಲ್ಮೈಯಿಂದ ಕೆಳಗಿನ ಅಂಚಿನ ತನಕ 22 ಫೋಟೊ. ಕಂಪ್ಯೂಟರ್ ಪ್ರತಿಯೊಂದರಿಂದ ಸ್ಪಷ್ಟ ಭಾಗ ಮಾತ್ರ ಆರಿಸಿ ಒಂದೇ ಚಿತ್ರ ಮಾಡಿಕೊಡುತ್ತದೆ. ಮೊದಲ ಎರಡು ಪ್ರಯತ್ನ ಹಾಳಾದವು. ಒಮ್ಮೆ ನಡುವೆ ರಸ್ತೆಯಲ್ಲಿ ಲಾರಿ ಹೋಯಿತು, ಗಾಜು ನಡುಗಿತು. ಇನ್ನೊಮ್ಮೆ ಲ್ಯಾಂಪಿನ ಬಿಸಿಗೆ ರೆಕ್ಕೆಯೇ ಮೆಲ್ಲಗೆ ಬಾಗಿತು. ಅದು ಹಾಗೆ ಬಾಗುತ್ತದೆ ಅಂತ ಊಹಿಸಿಯೇ ಇರಲಿಲ್ಲ. ಮೂರನೇ ಸಲ ಬೀಜವನ್ನು ಲ್ಯಾಂಪಿನ ಬೆಳಕಿನಲ್ಲಿ ಅರ್ಧ ಗಂಟೆ ಹಾಗೇ ಬಿಟ್ಟು, ಅದು ಬಾಗುವಷ್ಟು ಬಾಗಿ ಸುಮ್ಮನಾದ ಮೇಲೆ ಶುರು ಮಾಡಿದೆ. ಧೂಳನ್ನು ರಬ್ಬರ್ ಬ್ಲೋವರ್‌ನಿಂದ ದೂರದಿಂದ ಊದಿದೆ. ಈ ಅಳತೆಯಲ್ಲಿ ಒಂದು ಧೂಳಿನ ಎಳೆ ಕೂಡ ಹಗ್ಗದ ಹಾಗೆ ಕಾಣುತ್ತದೆ. ಈ ಸಲ ಕಾಳಿನ ಹೊಳಪು, ರೆಕ್ಕೆಯ ಅಂಚು, ನಡುಗೆರೆ, ಎಲ್ಲವೂ ಒಟ್ಟಿಗೆ ಬಂದವು.

ಉಳಿದ ಬೀಜಗಳನ್ನು ಬಿತ್ತೋಣ ಅನಿಸಿತು. ಟೆರೇಸಿನಲ್ಲಿ ಒಂದು ಅಗಲದ ಕುಂಡಕ್ಕೆ ಮರಳು ಮಣ್ಣು ತುಂಬಿ, ಮೇಲೆ ಬೀಜ ಉದುರಿಸಿ, ನೀರು ತರಲು ಒಳಗೆ ಹೋದೆ. ವಾಪಸ್ ಬರುವಷ್ಟರಲ್ಲಿ ಬೀಜಗಳು ನಡೆಯುತ್ತಿದ್ದವು! ಇರುವೆಗಳು ಕಾಳಿಗೆ ಬಾಯಿ ಹಾಕಿ ಹೊತ್ತು ಸಾಗುತ್ತಿದ್ದವು. ರೆಕ್ಕೆ ಮೇಲೆ ಎದ್ದು ನಿಂತಿತ್ತು, ದೋಣಿಯ ಹಾಯಿಯ ಹಾಗೆ. ಕುಂಡದ ಅಂಚಿನ ಮೇಲೆ ಆರೇಳು ಹಾಯಿಗಳ ಸಾಲು. ಗಾಳಿ ಬಂದಾಗ ಇರುವೆ ಸಮೇತ ವಾಲುತ್ತಿದ್ದವು. ಕ್ಯಾಮೆರಾ ತರುವಷ್ಟು ಹೊತ್ತಿರಲಿಲ್ಲ. ಫೋನಿನಲ್ಲಿ ಸಿಕ್ಕಿದ್ದು ಒಂದೇ ಫೋಟೊ, ಅದೂ ಸ್ವಲ್ಪ ಮಸುಕು. ಅದನ್ನೂ ಉಳಿಸಿಕೊಂಡಿದ್ದೇನೆ.

ವಾಚ್‌ಮನ್ ತಾತನಿಗೆ ಹೇಳಿದೆ. "ಸರ್ವೆ ಪಾತಿಗೆ ಇರುವೆ ಕಾಟ ಇದ್ದದ್ದೇ ಕಣಮ್ಮ. ಸುತ್ತ ನೀರು ಕಟ್ಟು" ಅಂದರು. ಎರಡನೇ ಸಲ ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ಇಟ್ಟೆ. ಬೀಜದ ಮೇಲೆ ತೆಳ್ಳಗೆ ಮರಳು ಹರಡಿದೆ. 12ನೇ ದಿನ ಹಸಿರು ಕಂಡಿತು. ಎರಡು ಪುಟ್ಟ ಎಲೆ, ಅವುಗಳ ನಡುವೆ ದಾರದಂಥ ಮೊದಲ ರೆಂಬೆ ಇಣುಕುತ್ತಿತ್ತು.

ಶಿವರಾತ್ರಿಗೆ ಊರಿಗೆ ಹೋದಾಗ ಬೆಂಕಿಪೊಟ್ಟಣವನ್ನೂ 10 ಪಟ್ಟು ದೊಡ್ಡದು ಮಾಡುವ ಕೈಮಸೂರವನ್ನೂ ತೆಗೆದುಕೊಂಡು ಹೋದೆ. ಸಂಜೆ ಆಯಿಯ ಜೊತೆ ಸಮುದ್ರದ ಕಡೆ ನಡೆದೆ. ಗಾಳಿಮರಗಳ ಕೆಳಗೆ ಮರಳಿನ ಮೇಲೆ ಉದುರಿದ ರೆಂಬೆಗಳ ಮೆತ್ತೆ. ಅದರ ಮೇಲೆ ಕೂತೆವು. ನಾನು ಏನೂ ಹೇಳುವ ಮೊದಲೇ ಆಯಿ ಒಂದು ಕಾಯಿ ಎತ್ತಿ ಅಂಗೈಗೆ ಕುಟ್ಟಿದಳು. ಥೇಟ್ ವಾಚ್‌ಮನ್ ತಾತ ಕುಟ್ಟಿದ ಹಾಗೇ. ಎರಡು ಬೀಜ ಬಿದ್ದವು.

"ಎಲ್ಲಿದ್ದು ಆ ಗೀಟು? ತೋರ್ಸು ನೋಡನ" ಅಂದಳು.

ಮಸೂರವನ್ನು ಕಣ್ಣಿನ ಹತ್ತಿರ ಹಿಡಿದು, ಬೀಜವನ್ನು ಬೆರಳ ತುದಿಗೆ ಅಂಟಿಸಿ ಸಂಜೆಯ ಆಕಾಶದ ಕಡೆಗೆ ಎತ್ತಿಸಿದೆ. ಬೆಳಕು ಹಿಂದಿನಿಂದ ಬರಬೇಕಲ್ಲ. ಆಯಿ ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದಳು. ಕೈ ಸ್ವಲ್ಪ ಹತ್ತಿರ ತಂದಳು, ಸ್ವಲ್ಪ ದೂರ ಮಾಡಿದಳು.

"ಹಾಂ, ಕಾಣ್ತು" ಅಂದಳು. ಉಸಿರು ಬಿಟ್ಟ ಕೂಡಲೇ ಬೀಜ ಹಾರಿಹೋಯಿತು. ಆಯಿ ಇನ್ನೊಂದು ಕಾಯಿ ಹುಡುಕಲು ಬಗ್ಗಿದಳು.